ದೇವನಹಳ್ಳಿಯಲ್ಲಿ ಜಾಗ: ಏರ್‌ಪೋರ್ಟ್ ಬೇಲಿಯ ಒಳಗೋ, ಹೊರಗೋ?

ಕೆಂಪೇಗೌಡ ವಿಮಾನ ನಿಲ್ದಾಣದ ಸುತ್ತ ಕಚೇರಿಗೋ ಸಣ್ಣ ಘಟಕಕ್ಕೋ ಜಾಗ ಹುಡುಕುವವರಿಗೆ ಮೊದಲ ಪ್ರಶ್ನೆ ಇದೇ.

ಒಳಗೆ, ಅಂದರೆ ನಿಲ್ದಾಣದ ಸುಮಾರು 4,000 ಎಕರೆಯಲ್ಲೇ ಬೆಳೆಯುತ್ತಿರುವ ‘ಏರ್‌ಪೋರ್ಟ್ ಸಿಟಿ’ಯಲ್ಲಿ, ನೆಲ ಕೊಳ್ಳುವ ಮಾತಿಲ್ಲ, ಗುತ್ತಿಗೆ ಮಾತ್ರ. ಲಾಭ? ಸರಕು ಟರ್ಮಿನಲ್ ಪಕ್ಕದಲ್ಲೇ. ಬೆಳಿಗ್ಗೆ ಕೊಯ್ದ ಗುಲಾಬಿ, ತಂಪಿನಲ್ಲೇ ಇಡಬೇಕಾದ ಔಷಧಿ ಕಳಿಸುವವರಿಗೆ ಒಂದೊಂದು ಗಂಟೆಯೂ ದುಡ್ಡೇ. ಹೋಟೆಲು, ಕಚೇರಿಗೂ ಸರಿ. ಲೇತ್ ಯಂತ್ರ ಹಾಕಿಕೊಂಡು ಬಿಡಿಭಾಗ ಮಾಡುವವರಿಗೆ ಮಾತ್ರ ಇದು ಹೇಳಿ ಮಾಡಿಸಿದ ಜಾಗವಲ್ಲ.

ಅವರು ನೋಡಬೇಕಾದ್ದು ಬೇಲಿಯ ಹೊರಗೆ ಕೆಐಎಡಿಬಿ, ಅಂದರೆ ಉದ್ಯಮಗಳಿಗೆ ಜಾಗ ಹಂಚುವ ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ವಿಮಾನೋದ್ಯಮಕ್ಕೆಂದು ಮಾಡಿದ ಏರೋಸ್ಪೇಸ್ ಪಾರ್ಕ್. 2024ರ ಜನವರಿಯಲ್ಲಿ ಉದ್ಘಾಟನೆಯಾದ, ವಿಮಾನ ತಯಾರಿಸುವ ಬೋಯಿಂಗ್ ಕಂಪನಿಯ 43 ಎಕರೆ ಕ್ಯಾಂಪಸ್ ಇರುವುದು ಇಲ್ಲೇ. ಬಿಡಿಭಾಗ ಮಾಡುವವರಿಗೆ ಗಿರಾಕಿಯೇ ನೆರೆಮನೆ. ಆದರೆ ಹಂಚಿಕೆ ಪತ್ರದ ಷರತ್ತುಗಳನ್ನು ಸಾಲು ಬಿಡದೆ ಓದಿ, ಅದರಲ್ಲೂ ಕಟ್ಟಡ ಮುಗಿಸಬೇಕಾದ ಗಡುವನ್ನು. ಕಟ್ಟಡದ ಎತ್ತರಕ್ಕೆ ವಿಮಾನ ನಿಲ್ದಾಣ ಪ್ರಾಧಿಕಾರದ ನಿಯಮ ಎರಡೂ ಕಡೆ ಉಂಟು.

ಮೂರನೆಯದೊಂದು ಆಸೆ ತೋರಿಸುವವರಿದ್ದಾರೆ: ‘ಪಾರ್ಕ್ ಇನ್ನೂ ದೊಡ್ಡದಾಗುತ್ತೆ ಸಾರ್, ಪಕ್ಕದ ಹೊಲಕ್ಕೆ ಈಗಲೇ ಅಡ್ವಾನ್ಸ್ ಕೊಟ್ಟುಬಿಡಿ.’ ಕೊಡಬೇಡಿ. ಇದೇ ಪಾರ್ಕ್ ದೊಡ್ಡದು ಮಾಡಲು ಹೊರಟಿದ್ದ, ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಸ್ವಾಧೀನವನ್ನು, ರೈತರು ಸಾವಿರ ದಿನ ದಾಟಿ ಧರಣಿ ಕೂತ ಮೇಲೆ, 2025ರ ಜುಲೈನಲ್ಲಿ ಸರ್ಕಾರವೇ ಕೈಬಿಟ್ಟಿತು.