ಆಯಿಲ್ ಲೀಕ್ ಹುಡುಕೋಕೆ ರಟ್ಟು, ಪೌಡರ್, ಯುವಿ ಡೈ: ಮೂರೂ ಟ್ರೈ ಮಾಡಿ ನೋಡ್ದೆ

ನಮ್ಮ ಹಳೇ ಪೆಟ್ರೋಲ್ ಕಾರಲ್ಲಿ ಆಯಿಲ್ ಕಮ್ಮಿ ಆಗ್ತಾ ಬರ್ತಿತ್ತು, ಜೊತೆಗೆ ಬ್ಯಾಟರಿ ಲೈಟ್ ಆಗಾಗ ಮಿಣುಕ್ ಅಂತಿತ್ತು, ಬಾನೆಟ್ ಎತ್ತಿ ನೋಡಿದ್ರೆ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡೋ ಭಾಗ) ಮೇಲೆಲ್ಲಾ ಜಿಡ್ಡು. ಆ ಎಣ್ಣೆ ಒಳಗೋಗಿ ಕಾರ್ಬನ್ ಬ್ರಷ್ ಧೂಳಿನ ಜೊತೆ ಸೇರಿದ್ರೆ ಚಾರ್ಜಿಂಗ್ ಕೈಕೊಡುತ್ತೆ, ಅದಕ್ಕೇ ಮೂಲ ಹುಡುಕ್ಲೇಬೇಕಿತ್ತು.

ರಾತ್ರಿ ಕಾರ್ ಕೆಳಗೆ ರಟ್ಟು ಹಾಸೋದಕ್ಕೆ ಖರ್ಚೇನಿಲ್ಲ, ಆದ್ರೆ ಲೀಕ್ ಇದೆ ಅಂತ ಗೊತ್ತಾಗುತ್ತೆ ಅಷ್ಟೇ. ಎಂಜಿನ್ ಗಾರ್ಡ್ ಇದ್ರೆ ಎಣ್ಣೆ ಅದರ ಮೇಲೇ ನಿಂತು ಇನ್ನೆಲ್ಲೋ ತೊಟ್ಟಿಕ್ಕುತ್ತೆ.

ಟಾಲ್ಕಂ ಪೌಡರ್ ಪರವಾಗಿಲ್ಲ. ಮೊದಲು ಡಿಗ್ರೀಸರ್ ಹಾಕಿ ಉಜ್ಜಿ ಪೂರ್ತಿ ಒಣಗಿಸ್ಬೇಕು (ಆಲ್ಟರ್ನೇಟರ್‌ಗೆ ಪ್ಲಾಸ್ಟಿಕ್ ಸುತ್ತಿ, ಪ್ರೆಷರ್ ವಾಷರ್ ಬೇಡವೇ ಬೇಡ), ಆಮೇಲೆ ಪೌಡರ್ ಉದುರಿಸಿ ಎಂಜಿನ್ ಓಡಿಸಿದ್ರೆ ಒದ್ದೆ ಗೆರೆ ಕಾಣುತ್ತೆ. ಟ್ಯಾಪೆಟ್ ಕವರ್ (ಎಂಜಿನ್ ತಲೆ ಮೇಲಿನ ಮುಚ್ಚಳ) ಪ್ಯಾಕಿಂಗ್ ಸೋರ್ತಿದೆ ಅಂತ ಇದ್ರಲ್ಲೇ ಗೊತ್ತಾಯ್ತು. ಆದ್ರೆ ಬೆಲ್ಟ್, ಫ್ಯಾನ್ ಹತ್ರ ಪೌಡರ್ ಹಾಕೋ ಹಾಗಿಲ್ಲ, ಹಾರಿ ಎಲ್ಲಾ ಕಡೆ ಮೆತ್ಕೊಳುತ್ತೆ, ಕಪ್ಲರ್ (ವೈರ್ ಸೇರೋ ಕನೆಕ್ಟರ್) ಒಳಗಿನದ್ದಂತೂ ಕಾಣೋದೇ ಇಲ್ಲ.

ಯುವಿ ಡೈ (ಯುವಿ ಬೆಳಕಲ್ಲಿ ಹೊಳೆಯೋ ಬಣ್ಣ) ವಿಷಯ ಬೇರೇನೇ. ಎಂಜಿನ್ ಆಯಿಲ್‌ಗೆ ಅಂತಾನೇ ಬರೋ ಡೈ ಸುರಿದು, ಕಾರ್ ಓಡಾಡಿಸಿ, ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ಟಾಗ ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಿಂದ ಆಲ್ಟರ್ನೇಟರ್ ತನಕ ಹಳದಿ-ಹಸಿರು ಗೆರೆ ನೀಟಾಗಿ ಹೊಳೀತಿತ್ತು. ಗಾಳಿಗೆ ಎಣ್ಣೆ ಹಿಂದಕ್ಕೆ, ಭಾರಕ್ಕೆ ಕೆಳಕ್ಕೆ ಹರಿಯೋದ್ರಿಂದ ಎಲ್ಲಕ್ಕಿಂತ ಮೇಲಿರೋ ಒದ್ದೆ ಜಾಗಾನೇ ಮೊದಲು ನೋಡ್ಬೇಕು. ಆಮೇಲೆ ಆಯಿಲ್ ಪ್ರೆಷರ್ ಸ್ವಿಚ್ಚಿನ ಕಪ್ಲರ್ ಕಿತ್ತು ನೋಡ್ತೀನಿ, ಒಳಗೆ ಪಿನ್ ಸುತ್ತ ಹೊಳಪು! ಸ್ವಿಚ್ ಒಳಗಿಂದಾನೇ ಸೋರಿ ವೈರಿನೊಳಗೆ ದೀಪದ ಬತ್ತಿ ಎಣ್ಣೆ ಎಳ್ಕೊಳೋ ಹಾಗೆ ಹಾರ್ನೆಸ್ (ವೈರುಗಳ ಕಟ್ಟು) ಕಡೆಗೆ ಹೋಗ್ತಿತ್ತು, ಹೊರಗಡೆ ಒಂದು ಹನೀನೂ ಇಲ್ಲ. ಇಗ್ನಿಷನ್ ಕಾಯಿಲ್ ಎತ್ತಿ ಸ್ಪಾರ್ಕ್ ಪ್ಲಗ್ ಕೂರೋ ಗುಂಡಿಗಳಿಗೂ ಟಾರ್ಚ್ ಬಿಟ್ಟೆ, ಅಲ್ಲಿ ಎಣ್ಣೆ ನಿಂತ್ರೆ ಕಾಯಿಲಿನ ರಬ್ಬರ್ ಬೂಟ್ (ತುದಿಯ ರಬ್ಬರ್ ಕವಚ) ಉಬ್ಬಿ ಮಿಸ್‌ಫೈರ್ (ಪೆಟ್ರೋಲ್ ಸರಿಯಾಗಿ ಉರಿಯದೆ ಎಂಜಿನ್ ಎಗರಾಡೋದು) ಶುರು ಆಗುತ್ತೆ.

ಡೈ ಜೊತೆ ಒಂದು ಎಚ್ಚರ, ಎಷ್ಟೋ ಕೂಲೆಂಟ್‌ಗಳೂ ಯುವಿ ಲೈಟಲ್ಲಿ ಹೊಳೀತವೆ, ಮುಟ್ಟಿ ನೋಡಿ ಜಿಡ್ಡಿದ್ರೇನೇ ಆಯಿಲ್ ಅನ್ಕೊಳಿ. ಎಲೆಕ್ಟ್ರಿಕಲ್ ಪಾರ್ಟ್ ಹತ್ರ ಲೀಕ್ ಇದ್ರೆ ನನ್ನ ಓಟು ಡೈಗೇ, ಒಂದೇ ಜಾಯಿಂಟ್ ಮೇಲೆ ಡೌಟ್ ಇದ್ರೆ ಪೌಡರ್ ಸಾಕು.

ಸ್ವಿಚ್, ಪ್ಯಾಕಿಂಗ್ ಎರಡೂ ಹೊಸದು ಹಾಕಿ, ಕಪ್ಲರ್‌ನ ಕಾಂಟ್ಯಾಕ್ಟ್ ಕ್ಲೀನರಲ್ಲಿ ತೊಳೆದ್ಮೇಲೆ ಎಂಜಿನ್ ಓಡ್ತಿರುವಾಗ ಬ್ಯಾಟರಿಲಿ 14 ವೋಲ್ಟ್ ಆಸುಪಾಸು ನಿಂತಿದೆ. ಪ್ಯಾಕಿಂಗ್ ಬದಲಿಸುವಾಗ ಪಿಸಿವಿ ವಾಲ್ವ್ (ಎಂಜಿನ್ ಒಳಗೆ ತುಂಬೋ ಗ್ಯಾಸ್ ಹೊರಬಿಡೋ ವಾಲ್ವ್) ಕಟ್ಕೊಂಡಿದೆಯಾ ಅಂತಾನೂ ನೋಡ್ಸಿ, ಇಲ್ಲಾಂದ್ರೆ ಒಳಗಿನ ಪ್ರೆಷರ್‌ಗೆ ಹೊಸ ಪ್ಯಾಕಿಂಗೂ ಸೋರುತ್ತೆ.