ಕೊಡಲಿ ಕಾವಿಗೆ ಪೇರಳೆಯೋ, ಗಾಳಿಮರವೋ, ಸಾಗುವಾನಿಯೋ?

ಪೇಟೆಯ ರೆಡಿ ಕಾವುಗಳ ಮೇಲೆ ನನಗೆ ನಂಬಿಕೆ ಕಡಿಮೆ. ಹಲಗೆಯಿಂದ ಗರಗಸದಲ್ಲಿ ಕೊಯ್ದದ್ದಲ್ವಾ? ಎಳೆ ಅಡ್ಡಕ್ಕೆ ಹಾಯ್ದಿರುತ್ತದೆ, ಅಲ್ಲೇ ಮುರಿಯುತ್ತದೆ. ಹಾಗಾಗಿ ಬದಿಯಡ್ಕದ ನಮ್ಮ ತೋಟದಲ್ಲಿ ಸಿಗುವ ಮರಗಳಲ್ಲೇ ಮಾಡಿ, ಬಳಸಿ ನೋಡಿದೆ.

ಕಾವಿಗೆ ನನ್ನ ಓಟು ಪೇರಳೆಗೆ. ಗಟ್ಟಿ ಮರ, ಆದರೂ ಸ್ವಲ್ಪ ಬಳುಕುತ್ತದೆ. ಕಟ್ಟಿಗೆಗೆ ಏಟು ಬಿದ್ದಾಗ ಕೈ ಜುಮ್ಮೆನ್ನುವುದು ಕಡಿಮೆ. ಗಾಜಿನ ಚೂರಿನಲ್ಲಿ ಹೆರೆದರೆ ಒಳ್ಳೆ ನುಣುಪು ಬರುತ್ತದೆ. ನೆಟ್ಟಗಿನ ಕೊಂಬೆ ಸಿಗುವುದೇ ಕಷ್ಟ. ಕಡಿದ ಬುಡದಿಂದ ಏಳುವ ಚಿಗುರುಗಳಲ್ಲಿ ಒಂದನ್ನು ಉಳಿಸಿ ಬೆಳೆಸಬೇಕು, ವರ್ಷಗಟ್ಟಲೆ ಕಾಯಬೇಕು.

ಗಾಳಿಮರಕ್ಕೆ ಆ ರಗಳೆ ಇಲ್ಲ. ಕುಂಬಳೆ, ಮಂಜೇಶ್ವರದ ಕಡಲ ಬದಿಯಲ್ಲಿ ನೆಟ್ಟಗೇ ಬೆಳೆದಿರುತ್ತದೆ. ಬಲದಲ್ಲಿ ಪೇರಳೆಗೆ ಕಡಿಮೆಯಿಲ್ಲ. ಆದರೆ ಭಾರ ಜಾಸ್ತಿ, ಒಣಗುವಾಗ ಸೀಳುತ್ತದೆ, ತಿರುಚುತ್ತದೆ. ಪಿಕ್ಕಾಸಿಗೆ ಸರಿ, ದಿನವಿಡೀ ಬೀಸುವ ಕೊಡಲಿಗೆ ಬೇಡ.

ಸಾಗುವಾನಿಗೆ ಹೆಸರು ದೊಡ್ಡದು, ಆದರೆ ಕಾವಿನ ಕೆಲಸಕ್ಕೆ ಆಗುವುದಿಲ್ಲ. ಜೋರು ಪೆಟ್ಟಿಗೆ ಎಳೆಗುಂಟ ಸೀಳಿ ಹೋಗುತ್ತದೆ. ಕತ್ತಿ, ಗರಗಸದ ಹಿಡಿಗೆ ಅದನ್ನೇ ಹಾಕಿ. ನಮ್ಮ ಜೂನ್ ಮಳೆಗೂ ಹೆಚ್ಚು ಉಬ್ಬುವುದಿಲ್ಲ. ಕೊಡತಿಗೆ ಹುಣಸೆ, ಬೇರೆ ಯೋಚನೆಯೇ ಬೇಡ. ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಎಷ್ಟು ಬಡಿದರೂ ಸುಲಭಕ್ಕೆ ಸೀಳುವುದಿಲ್ಲ. ಅದೇ ಕಾರಣಕ್ಕೆ ಕೆತ್ತುವಾಗ ಉಳಿಯ ಬಾಯಿ ಹೋಗುತ್ತದೆ. ಹಸಿ ಇರುವಾಗಲೇ ಆಕಾರ ಕೊಟ್ಟುಬಿಡಿ.

ಮರ ಯಾವುದೇ ಇರಲಿ, ಒಣಗಿಸುವುದರಲ್ಲೇ ಅರ್ಧ ಕೆಲಸ. ಒಣಗುವಾಗ ಮರ ಸುತ್ತಳತೆಯ ದಿಕ್ಕಿನಲ್ಲಿ ಕುಗ್ಗುವುದು ನಡುವಿನಿಂದ ತೊಗಟೆಯತ್ತ ಕುಗ್ಗುವುದರ ಸುಮಾರು 2 ಪಟ್ಟು. ತಿರುಳು ಒಳಗೇ ಇರುವ ದುಂಡು ಕೊಂಬೆ ಬಿರಿಯುವುದು ಅದಕ್ಕೇ. ದಪ್ಪ ಕೊಂಬೆಯನ್ನು ಕೊಡಲಿಯಿಂದ ಸೀಳಿ, ತಿರುಳು ಬಿಟ್ಟು ಬದಿಯ ಭಾಗ ತೆಗೆದುಕೊಳ್ಳಿ. ಸೀಳಿದ ತುಂಡಿನಲ್ಲಿ ಎಳೆ ತುದಿಯಿಂದ ತುದಿಗೆ ಓಡುತ್ತದೆ. ನೀರು ಬೇಗ ಆರುವುದು ತುದಿಗಳಿಂದ, ಅಲ್ಲಿಗೆ ಮೇಣವನ್ನೋ ಹಳೇ ಪೇಂಟನ್ನೋ ಬಳಿಯಿರಿ. ಬಿಸಿಲು ಬೇಡ. ಕಟ್ಟಿಗೆ ಒಲೆ ಇರುವ ಮನೆಯಾದರೆ ಅಟ್ಟಕ್ಕಿಂತ ಒಳ್ಳೆ ಜಾಗ ಇಲ್ಲ.

ಕೊಡಲಿ ಸಡಿಲವಾದರೆ ನಮ್ಮಲ್ಲಿ ಬಕೆಟ್ ನೀರಿನಲ್ಲಿ ಮುಳುಗಿಸಿಡುವ ಅಭ್ಯಾಸವಿದೆ. ಆ ಹೊತ್ತಿಗೆ ಬಿಗಿ. ಆದರೆ ಉಬ್ಬಿದ ಎಳೆ ಕಬ್ಬಿಣಕ್ಕೆ ಒತ್ತಿ ಜಜ್ಜಿಹೋಗುತ್ತದೆ, ಒಣಗಿದ ಮೇಲೆ ಮೊದಲಿಗಿಂತ ಸಡಿಲ. ಒಣಗಿದ ಗಟ್ಟಿ ಮರದ ಬೆಣೆಯೊಂದನ್ನು ಹೊಡೆಯಿರಿ, ಸಾಕು.