ವಂಡರ್‌ಲಾ ದಿನದ ಊಟ: ಪಾರ್ಕ್ ಒಳಗೋ, ಬಿಡದಿಯಲ್ಲೋ?

ಮಕ್ಕಳ ಜೊತೆ ಬೆಂಗಳೂರಿನ ವಂಡರ್‌ಲಾಗೆ ಹೊರಟಿದ್ದೀರಾ? ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಎಲ್ಲಿ ತಿನ್ನಬೇಕು ಅಂತ ಮೊದಲೇ ಯೋಚಿಸಿಕೊಳ್ಳಿ.

ಬೆಳಗ್ಗೆಗೆ ನನ್ನ ಓಟು ಪಾರ್ಕ್ ಹತ್ತಿರವೇ, ಮೈಸೂರು ರಸ್ತೆಯಲ್ಲಿರುವ ಬಿಡದಿ ಊರಿಗೆ. ಹೆದ್ದಾರಿಯ ಮುಖ್ಯ ಪಥದಲ್ಲಿ ಹೋದರೆ ಊರು ತಪ್ಪಿಹೋಗುತ್ತದೆ, ಸರ್ವಿಸ್ ರಸ್ತೆ ಹಿಡಿಯಿರಿ. ಹಬೆಯಾಡುವ ತಟ್ಟೆ ಇಡ್ಲಿ, ಮೇಲೆ ಕರಗುತ್ತಿರುವ ಬೆಣ್ಣೆ, ಪಕ್ಕದಲ್ಲಿ ಚಟ್ನಿ. ಎರಡು ತಿಂದರೆ ದೊಡ್ಡವರಿಗೂ ಹೊಟ್ಟೆ ಗಟ್ಟಿ. ಎಣ್ಣೆ ಇಲ್ಲ, ಹಾಗಾಗಿ ಗಿರಗಿರ ತಿರುಗುವ ರೈಡ್‌ಗಳಲ್ಲಿ ಹೊಟ್ಟೆ ತೊಳಸುವ ಭಯ ಕಡಿಮೆ. ಖರ್ಚೂ ಕಡಿಮೆ.

ಮಧ್ಯಾಹ್ನಕ್ಕೆ ಮಾತ್ರ ಪಾರ್ಕ್ ಒಳಗೇ ತಿನ್ನಿ. ರೇಟು ಜಾಸ್ತಿ, ನಿಜ. ಆದರೆ ಊಟಕ್ಕೆ ಅಂತ ಹೊರಗೆ ಓಡಾಡಿದರೆ ದುಬಾರಿ ಟಿಕೆಟ್‌ನ ಸಮಯ ಸುಮ್ನೆ ಹಾಳಲ್ವಾ? ಒಂದು ಗಂಟೆಗೆ ಎಲ್ಲರಿಗೂ ಒಟ್ಟಿಗೇ ಹಸಿವಾಗುತ್ತದೆ. ಹನ್ನೆರಡಕ್ಕೇ ಕೂತುಬಿಡಿ. ಒದ್ದೆ ಬಟ್ಟೆಯಲ್ಲಿ ಎಸಿ ಹಾಲ್‌ಗೆ ಹೋದರೆ ಚಿಕ್ಕವರು ಗಡಗಡ ನಡುಗುತ್ತಾರೆ, ತಟ್ಟೆಯಲ್ಲಿರುವುದು ಹಾಗೇ ಉಳಿಯುತ್ತದೆ. ಊಟ ಮುಗಿಸಿಯೇ ನೀರಿಗಿಳಿಸಿ, ಒಂದು ಟವೆಲ್ ಕೈಯಲ್ಲೇ ಇರಲಿ.

ಸಂಜೆ ಮಕ್ಕಳು ಕಾರಲ್ಲೇ ನಿದ್ದೆ ಹೋಗುವವರಾದರೆ, ಹೊರಡುವ ಮೊದಲು ಒಳಗೇ ಏನಾದರೂ ತಿನ್ನಿಸಿ. ಇಲ್ಲದಿದ್ದರೆ ಮತ್ತೆ ಮೈಸೂರು ರಸ್ತೆಯ ಹೋಟೆಲೇ ಸರಿ.